ಬಂದ ದಿನ, ಹೋದ ದಿನ

ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆದ ಪಟ್ಟೆತಲೆ ಹೆಬ್ಬಾತುಗಳು ಮಾರ್ಚ್ ತಿಂಗಳಲ್ಲಿ ಉತ್ತರದ ದಾರಿ ಹಿಡಿಯುವ ಹೊತ್ತಿಗೆ, ಅಮೆರಿಕದ ಮಿಶಿಗನ್ ರಾಜ್ಯದ ಜೌಗು ನೆಲಗಳಿಗೆ ಕೆಂಪು ಭುಜದ ಕರಿಹಕ್ಕಿಗಳು ದಕ್ಷಿಣದಿಂದ ಬಂದು ಇಳಿಯತೊಡಗಿರುತ್ತವೆ. ಎರಡೂ ಒಂದೇ ಚಲನೆಯ ಎರಡು ತುದಿಗಳು: ಉತ್ತರಾರ್ಧಗೋಳದ ವಲಸೆ ಹಕ್ಕಿಗಳು ಚಳಿಯ ತಿಂಗಳುಗಳನ್ನು ದಕ್ಷಿಣದ ಬೆಚ್ಚನೆಯ ಸೀಮೆಗಳಲ್ಲಿ ಕಳೆದು, ಹಗಲು ಹಿಗ್ಗತೊಡಗಿದಾಗ ಗೂಡು ಕಟ್ಟಿ ಮರಿ ಮಾಡುವುದಕ್ಕಾಗಿ ಉತ್ತರಕ್ಕೆ ಮರಳುತ್ತವೆ. ಈ ದಾರಿಯಲ್ಲಿ ಕರ್ನಾಟಕ ಚಳಿಗಾಲದ ಬಿಡಾರ, ಮಿಶಿಗನ್ ಮರಿ ಮಾಡುವ ನೆಲ ಅಥವಾ ಅಂಥ ನೆಲಕ್ಕೆ ಹೋಗುವ ಹೆಬ್ಬಾಗಿಲು. ಹೀಗಾಗಿ ಒಂದೇ ವಸಂತ ಅಲ್ಲಿ ಎದುರುಗೊಳ್ಳುವ ಕಾಲವಾದರೆ ಇಲ್ಲಿ ಕಳಿಸಿಕೊಡುವ ಕಾಲ. ಡೆಟ್ರಾಯಿಟ್ ನಗರದ ಪಶ್ಚಿಮಕ್ಕಿರುವ ಬಡಾವಣೆಯೊಂದರಲ್ಲಿ ನೆಲೆಸಿರುವ ಮಗಳ ಮನೆಗೆಂದು ಗದಗಿನಿಂದ ಹೋಗಿ, ಅಲ್ಲಿಯ ವಸಂತವನ್ನು ಮೊದಲಿನಿಂದ ಕೊನೆಯವರೆಗೆ ಕಂಡು ಬಂದ ನಿವೃತ್ತ ಅಧ್ಯಾಪಕ ದಂಪತಿಯ ಪ್ರವಾಸದ ನಿರೂಪಣೆ ಇದು. ನೋಡಿದ ಊರುಗಳ ಯಾದಿ ಇದರಲ್ಲಿಲ್ಲ. ಮರಳಿದ ಮೇಲೂ ಅವರನ್ನು ಬಿಡದ ಒಂದು ಪ್ರಶ್ನೆ ಮಾತ್ರ ಇದೆ.

ಅವರು ತಲುಪಿದ ಮಾರ್ಚ್ ಕೊನೆಯ ವಾರದಲ್ಲಿ ಆ ಸೀಮೆ ನೋಡಲು ಅಂಥ ಚೆಂದವೇನೂ ಇರಲಿಲ್ಲ. ಅಂಗಡಿಗಳ ಮುಂದಿನ ವಾಹನ ನಿಲುಗಡೆಯ ಮೂಲೆಗಳಲ್ಲಿ ಯಂತ್ರಗಳು ತಳ್ಳಿ ರಾಶಿ ಹಾಕಿದ್ದ ಹಿಮ ಕರಗಲಾರದೆ ಮಸಿ ಹಿಡಿದು ಕೂತಿತ್ತು, ಹುಲ್ಲು ಕಂದಿತ್ತು, ಮೇಪಲ್ ಮತ್ತು ಓಕ್ ಮರಗಳಲ್ಲಿ ಒಂದು ಎಲೆಯೂ ಇರಲಿಲ್ಲ. ಇಂಥ ಹೊತ್ತಿನಲ್ಲೇ ಅಲ್ಲಿಯ ಕನ್ನಡಿಗರು ಶಾಲೆಯೊಂದರ ಸಭಾಂಗಣವನ್ನು ಬಾಡಿಗೆಗೆ ಹಿಡಿದು, ವಾರಾಂತ್ಯಕ್ಕೆ ಹೊಂದಿಸಿಕೊಂಡು ಯುಗಾದಿ ಮಾಡಿದರು. ಬೇವು-ಬೆಲ್ಲ ಇತ್ತು, ಹೋಳಿಗೆ ಇತ್ತು, ಪಂಚಾಂಗ ಶ್ರವಣವೂ ಆಯಿತು, ಆದರೆ ಚಿಗುರಿದ ಮಾವಿಗಾಗಲಿ ಕೂಗುವ ಕೋಗಿಲೆಗಾಗಲಿ ಹೊರಗೆ ಎಡೆಯೇ ಇರಲಿಲ್ಲ. ಕರ್ನಾಟಕದ ಕೋಗಿಲೆ ವಲಸೆ ಹಕ್ಕಿಯಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಅದು ವರ್ಷವಿಡೀ ಇದ್ದಲ್ಲೇ ಇದ್ದು, ಚಳಿಗಾಲದಲ್ಲಿ ಬಾಯಿ ಮುಚ್ಚಿಕೊಂಡು, ಬಿಸಿಲೇರಿದಾಗ ದನಿ ತೆಗೆಯುತ್ತದೆ. ಮಿಶಿಗನ್‌ನ ವಸಂತಕ್ಕೆ ದನಿ ಬರುವುದು ಹೊರಗಿನಿಂದ. ನೀರು ನಿಂತ ತಗ್ಗುಗಳಲ್ಲಿ ಹಿಂದಿನ ವರ್ಷದ ಒಣ ಜೊಂಡಿನ ತುದಿಗೆ ಕೂತು, ರೆಕ್ಕೆಯ ಬುಡದ ಕೆಂಪು ಪಟ್ಟಿಯನ್ನು ಉಬ್ಬಿಸಿ, ತುಕ್ಕು ಹಿಡಿದ ಕೀಲು ತಿರುಗಿದಂತೆ ಕಿರುಗುಟ್ಟುವ ಆ ಕರಿಹಕ್ಕಿಯ ಗಂಡು ಮೊದಲು ಬರುತ್ತದೆ. ಹೆಣ್ಣು ಬರುವುದು ವಾರಗಳ ನಂತರ. ಎಲ್ಲಿ ಜಾಗ ಹಿಡಿಯಬೇಕೆಂಬ ಜಗಳ ಅಷ್ಟರೊಳಗೆ ಮುಗಿದಿರುತ್ತದೆ.

ಗದಗಿನ ಮನೆಯ ಹಿತ್ತಲಿಗೂ ಮಿಶಿಗನ್‌ನ ಹಿತ್ತಲಿಗೂ ಹೆಸರಿನ ಸಾಮ್ಯವಷ್ಟೇ ಇದೆ. ಗದಗಿನ ಹಿತ್ತಲೆಂದರೆ ಬಚ್ಚಲ ನೀರು ಹರಿಯುವ ಬಾಳೆಯ ಬುಡ, ಕರಿಬೇವಿನ ಗಿಡ, ಪಾತ್ರೆ ತಿಕ್ಕುವ ಕಲ್ಲು, ಹಪ್ಪಳ ಒಣಗಿಸುವ ಜಾಗ. ಅಲ್ಲಿ ಚೆಲ್ಲಿದ ಅನ್ನದ ಅಗುಳಿಗೆ ಕಾಗೆ, ಗುಬ್ಬಿ, ಗೊರವಂಕಗಳು ಕರೆಯದೆ ಬರುತ್ತವೆ. ಮಿಶಿಗನ್‌ನಲ್ಲಿ ಅದು ಕತ್ತರಿಸಿದ ಹುಲ್ಲಿನ ಚೌಕ, ಮೂರು ಕಡೆ ಕಟ್ಟಿಗೆಯ ಬೇಲಿ. ಅಲ್ಲಿ ಹಕ್ಕಿಗಾಗಿ ಏನನ್ನಾದರೂ ಬೇಕೆಂದೇ ಇಡಬೇಕು, ಹಾಗೆ ಇಡುವ ಸಲಕರಣೆಗೆ ಫೀಡರ್ ಎನ್ನುತ್ತಾರೆ. ಮಗಳ ಮನೆಯ ಹಿಂದೆ ಕಬ್ಬಿಣದ ಕಂಬವೊಂದನ್ನು ನೆಟ್ಟು, ಅದರ ಕೊಂಬೆಗಳಂಥ ಕೊಕ್ಕೆಗಳಿಗೆ ಬಗೆಬಗೆಯ ಫೀಡರುಗಳನ್ನು ತೂಗಿಬಿಟ್ಟಿದ್ದರು. ಸೂರ್ಯಕಾಂತಿ ಬೀಜಕ್ಕೆ ಅಗಲ ಬಾಯಿಯದು, ಸಣ್ಣ ಬೀಜಕ್ಕೆ ಸೀಳುಗಂಡಿಗಳಿರುವ ಉದ್ದ ಕೊಳವೆ, ಮತ್ತು ಅಳಿಲು ಏರದಂತೆ ಕಂಬದ ನಡುವಿಗೆ ಬೋರಲು ಹಾಕಿದ ತಗಡಿನ ಶಂಕು. ಅಳಿಲು ಹೇಗಾದರೂ ಏರುತ್ತಿತ್ತು. ಪಕ್ಕದ ಮನೆಯ ಕಂಬದಲ್ಲಿ ತಂತಿಯ ಸಣ್ಣ ಪಂಜರದೊಳಗೆ ದನದ ಕೊಬ್ಬಿನ ಬಿಲ್ಲೆಯೂ ಇರುತ್ತಿತ್ತು, ಮರಕುಟಿಗಗಳಿಗೆ ಅದು ಬಲು ಪ್ರಿಯ. ಲಿಂಗಾಯತ ಕುಟುಂಬದ ಈ ಮನೆಯಲ್ಲಿ ಮಾತ್ರ ಅದಕ್ಕೆ ಪ್ರವೇಶವಿರಲಿಲ್ಲ, ಶೇಂಗಾ ಕಾಳೇ ಸಾಕೆಂದು ಮರಕುಟಿಗಗಳಿಗೆ ತಿಳಿಹೇಳಿದಂತಿತ್ತು.

ಬೀಜದ ಚೀಲವನ್ನು ಗ್ಯಾರೇಜಿನಿಂದ ಒಳಗೆ ತಂದ ಬೆಳಿಗ್ಗೆ ತಾಯಿ ಅದರಲ್ಲಿ ಕೈಯಾಡಿಸಿ, ಒಂದು ಚಿಟಿಕೆಯನ್ನು ಅಂಗೈಗೆ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಎಳ್ಳಿಗಿಂತ ಉದ್ದ, ಜೀರಿಗೆಗಿಂತ ಸಣ್ಣ, ಒಂದು ತುದಿ ಚೂಪು, ಎಣ್ಣೆ ಸವರಿದಂಥ ಕಪ್ಪು ಹೊಳಪು. ಎರಡು ಕಾಳನ್ನು ಹಲ್ಲಿನ ನಡುವೆ ಕಡಿದು ನೋಡಿದ ಮೇಲೆ ಅವರಿಗೆ ಅನುಮಾನ ಉಳಿಯಲಿಲ್ಲ. “ಏ, ಇದು ನಮ್ಮ ಗುರೆಳ್ಳು ಅಲ್ಲೇನವಾ! ಇಷ್ಟಕೊಂದು ಗುರೆಳ್ಳು ಹಕ್ಕಿಗೆ ಹಾಕ್ತೀರೇನು?” ಎಂದು ಕೇಳಿ, ಅರ್ಧ ಸೇರು ತೆಗೆದು ಹುರಿದು ಚಟ್ನಿಪುಡಿ ಮಾಡುವ ಯೋಚನೆಯಲ್ಲಿದ್ದಾಗ ಮಗಳು ತಡೆದಳು: “ಬ್ಯಾಡವಾ, ಅದು ಮನುಷ್ಯಾರು ತಿನ್ನೂ ಮಾಲಲ್ಲ. ಊರಿಂದ ತಂದಿದ್ದು ಡಬ್ಬ್ಯಾಗ ಐತಲ್ಲ.” ತಾಯಿಯ ಗುರುತು ಸರಿಯಾಗಿಯೇ ಇತ್ತು. ದಕ್ಷಿಣ ಕರ್ನಾಟಕದವರು ಹುಚ್ಚೆಳ್ಳು ಎನ್ನುವ, ಬಯಲುಸೀಮೆಯ ರೊಟ್ಟಿ ಊಟಕ್ಕೆ ಚಟ್ನಿಪುಡಿಯಾಗಿ ಒದಗುವ ಈ ಎಣ್ಣೆಬೀಜ ಅಮೆರಿಕದ ಹಕ್ಕಿಗಳ ಹೊಟ್ಟೆಗೆ ಮುಖ್ಯವಾಗಿ ಇಥಿಯೋಪಿಯಾ ಮತ್ತು ಭಾರತದಿಂದ ಹಡಗೇರಿ ಹೋಗುತ್ತದೆ. ಬೆಳೆಗೆ ಹಬ್ಬಿ ರಸ ಹೀರುವ ಪರಾವಲಂಬಿ ಬಳ್ಳಿಯ ಬೀಜಗಳು ಅದರೊಂದಿಗೆ ಸೇರಿಕೊಂಡು ಬಂದು ಅಲ್ಲಿ ಮೊಳೆಯಬಾರದೆಂದು, ಮಾರಾಟಕ್ಕೆ ಮೊದಲು ಹೆಚ್ಚಿನ ಶಾಖದಲ್ಲಿ ಕಾಯಿಸುವುದು ಕಡ್ಡಾಯ. ಮೊಳಕೆಯ ಶಕ್ತಿ ಕಳೆಯುವಷ್ಟು ಕಾಯಿಸುತ್ತಾರೆ.

ಆ ಗುರೆಳ್ಳಿಗಾಗಿ ಬರುವುದು ಗೋಲ್ಡ್‌ಫಿಂಚ್ ಎಂಬ ಹಕ್ಕಿ. ಗುಬ್ಬಿಗಿಂತ ಚಿಕ್ಕದು, ಚಳಿಗಾಲವಿಡೀ ಮಾಸಲು ಬಣ್ಣದಲ್ಲಿರುವ ಇದರ ಗಂಡು ವಸಂತದಲ್ಲಿ ಮೈಗರಿಗಳನ್ನೆಲ್ಲ ಬದಲಿಸಿ ನಿಂಬೆಹಣ್ಣಿನ ಹಳದಿಗೆ ತಿರುಗುತ್ತದೆ. ಈ ಬದಲಾವಣೆ ಒಂದು ದಿನದ್ದಲ್ಲ. ಏಪ್ರಿಲ್‌ನ ಹಲವು ವಾರ ಹಕ್ಕಿಗಳು ಅಲ್ಲೊಂದು ಇಲ್ಲೊಂದು ಹಳದಿ ತೇಪೆ ಹಚ್ಚಿಕೊಂಡು ತಿರುಗುತ್ತವೆ, ಕೊರಳು ಬೆಳಗಿದ್ದರೆ ಬೆನ್ನು ಇನ್ನೂ ಮಣ್ಣಿನ ಬಣ್ಣದಲ್ಲಿರುತ್ತದೆ. ಸೀಳುಗಂಡಿಗೆ ಕೊಕ್ಕು ತೂರಿಸಿ ಒಂದು ಕಾಳು ಎಳೆದು, ನಾಲಗೆಯಿಂದ ಅದನ್ನು ಅಡ್ಡಕ್ಕೆ ತಿರುಗಿಸಿ, ಸಿಪ್ಪೆಯನ್ನು ಕೊಕ್ಕಿನ ಅಂಚಿನಿಂದ ಉದುರಿಸಿ ತಿರುಳನ್ನಷ್ಟೇ ನುಂಗುವ ಅದರ ಚಾಕಚಕ್ಯವನ್ನು ತಾಯಿ ಗಂಟೆಗಟ್ಟಲೆ ನೋಡುತ್ತಿದ್ದರು. ಗುರೆಳ್ಳಿನ ಸಿಪ್ಪೆ ತೆಗೆಯುವ ಕೆಲಸ ಮನುಷ್ಯರಿಗೆ ಸಾಧ್ಯವಿಲ್ಲದ್ದು; ಚಟ್ನಿಯಲ್ಲಿ ಅದು ಸಿಪ್ಪೆಯೊಂದಿಗೇ ಬೀಳುತ್ತದೆ.

ಪಕ್ಕದ ಮನೆಯಾಕೆ ಕಾರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದ ವೃದ್ಧೆ. ಬೇಲಿಯಾಚೆಗಿನ ಈಕೆಯೊಂದಿಗೆ ಬೆಳೆದ ಪರಿಚಯವೇ ಪ್ರವಾಸದ ಬಹುದೊಡ್ಡ ಲಾಭವೆಂದು ದಂಪತಿ ಭಾವಿಸುತ್ತಾರೆ. ಹವಾಮಾನದ ಮಾತು ಮುಗಿದೊಡನೆ ಆಕೆ ಹಕ್ಕಿಯ ಮಾತಿಗೆ ಬರುತ್ತಿದ್ದಳು, ಆ ಮಾತು ಯಾವಾಗಲೂ ತಾರೀಖಿನೊಂದಿಗೇ ಬರುತ್ತಿತ್ತು: ಕರಿಹಕ್ಕಿ ಬಂದ ದಿನ, ರಾಬಿನ್ ಮೊದಲ ಸಲ ಹಾಡಿದ ದಿನ, ಫೀಬಿ ಎಂಬ ನೊಣಹಿಡುಕ ಹಕ್ಕಿ ಅಟ್ಟದ ಕೆಳಗಿನ ಹಳೆಯ ಗೂಡನ್ನು ಇಣುಕಿ ನೋಡಿದ ದಿನ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ವೈದ್ಯರ ಭೇಟಿ, ಮೊಮ್ಮಕ್ಕಳ ಹುಟ್ಟುಹಬ್ಬಗಳ ನಡುವೆ ಪೆನ್ಸಿಲಿನಲ್ಲಿ ಹಕ್ಕಿಗಳ ಹೆಸರೂ ಇರುತ್ತಿತ್ತು. ಬಂದವುಗಳನ್ನು ಬರೆಯುವುದು ಎಲ್ಲರೂ ಮಾಡುವ ಕೆಲಸ; ಆದರೆ ಏಪ್ರಿಲ್ ನಡುವಿನ ಒಂದು ದಿನ ಆಕೆ ಬೇಲಿಯ ಬಳಿ ಬಂದು, ಜಂಕೋಗಳು ಹೋದವು, ಮೂರು ದಿನದಿಂದ ಒಂದೂ ಇಲ್ಲ ಎಂದು ಹೇಳಿದ್ದು ದಂಪತಿಗೆ ಹೊಸದೆನಿಸಿತು. ಜಂಕೋ ಎಂಬುದು ಬೂದು ಬೆನ್ನು, ಬಿಳಿ ಹೊಟ್ಟೆಯ ಸಣ್ಣ ಹಕ್ಕಿ. ಕೆನಡಾದ ಕಾಡುಗಳಿಂದ ಚಳಿಗಾಲಕ್ಕೆಂದು ಮಿಶಿಗನ್‌ಗೆ ಇಳಿದು ಬರುವುದರಿಂದ ಅದಕ್ಕೆ ಮಿಶಿಗನ್ನೇ ದಕ್ಷಿಣ. ಇಂಥ ಅತಿಥಿ ಬಿಟ್ಟುಹೋದದ್ದನ್ನು ಗಮನಿಸುವುದು ಬಂದದ್ದನ್ನು ಗಮನಿಸುವುದಕ್ಕಿಂತ ಕಷ್ಟ, ಏಕೆಂದರೆ ಕಂಡದ್ದು ಆ ಕ್ಷಣದಲ್ಲೇ ಗೊತ್ತಾಗುತ್ತದೆ, ಕಾಣದಿರುವುದು ಕೆಲವು ದಿನ ಕಳೆದ ಮೇಲಷ್ಟೇ ಗೊತ್ತಾಗುತ್ತದೆ. ಕೊನೆಯ ಹಕ್ಕಿಯನ್ನು ನೋಡುತ್ತಿರುವಾಗ ಅದು ಕೊನೆಯದೆಂದು ಯಾರಿಗೂ ತಿಳಿದಿರುವುದಿಲ್ಲ.

ಈ ಪೆನ್ಸಿಲ್ ಗುರುತುಗಳ ಹಿಂದೆ ದೊಡ್ಡ ಪರಂಪರೆಯೊಂದಿದೆ. ವೆಲ್ಸ್ ಕುಕ್ ಎಂಬ ಅಧ್ಯಾಪಕರು 1881ರಲ್ಲಿ ತಮಗೆ ಗೊತ್ತಿದ್ದ ಹಕ್ಕಿನೋಟಕರಿಗೆ ಪತ್ರ ಬರೆದು, ನಿಮ್ಮೂರಿಗೆ ಯಾವ ಹಕ್ಕಿ ಎಂದು ಬಂತು, ಎಂದು ಹೋಯಿತು ಎಂದು ವಿಚಾರಿಸತೊಡಗಿದರು; ಮುಂದೆ ಸರಕಾರವೇ ವಹಿಸಿಕೊಂಡು 1970ರವರೆಗೆ ನಡೆಸಿದ ಈ ಕೆಲಸದಿಂದ ಸುಮಾರು 60 ಲಕ್ಷ ಕಾರ್ಡುಗಳು ಕೂಡಿದವು. ರೈತರು, ಶಾಲಾ ಶಿಕ್ಷಕರು, ದೀಪಸ್ತಂಭ ಕಾಯುವವರು ಕೈಯಲ್ಲಿ ಬರೆದ ಆ ಕಾರ್ಡುಗಳು ದಶಕಗಳ ಕಾಲ ಪೆಟ್ಟಿಗೆಗಳಲ್ಲಿ ದೂಳು ತಿಂದು, ಈ ಶತಮಾನದಲ್ಲಿ ಹವಾಮಾನ ಬದಲಾಗುತ್ತಿರುವುದು ಹಕ್ಕಿಗಳ ಆಗಮನದ ದಿನವನ್ನು ಎಷ್ಟು ಹಿಂದೆಮುಂದೆ ಮಾಡಿದೆ ಎಂದು ಅಳೆಯಬೇಕಾದಾಗ ಮತ್ತೆ ಹೊರಬಂದವು. ಬರೆದವರು ಯಾರೂ ಅಂಥ ಉಪಯೋಗವನ್ನು ಕನಸಿನಲ್ಲೂ ನೆನೆದಿರಲಾರರು.

ಫೀಡರಿಗೆ ಬರುವ ಹಕ್ಕಿಗಳ ಎಣಿಕೆ ಇದರ ಇನ್ನೊಂದು ಕವಲು. ಕೆನಡಾದ ಒಂಟಾರಿಯೋ ಪ್ರಾಂತ್ಯದ ಲಾಂಗ್ ಪಾಯಿಂಟ್ ಪಕ್ಷಿ ವೀಕ್ಷಣಾಲಯವು 1976ರಲ್ಲಿ ಆರಂಭಿಸಿದ ಸಮೀಕ್ಷೆ, ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯ ಕೈಜೋಡಿಸಿದ ಮೇಲೆ 1987-88ರ ಚಳಿಗಾಲದಿಂದ ಇಡೀ ಖಂಡಕ್ಕೆ ಹಬ್ಬಿ ‘ಪ್ರಾಜೆಕ್ಟ್ ಫೀಡರ್‌ವಾಚ್’ ಎಂಬ ಹೆಸರು ಪಡೆಯಿತು. ಪ್ರತಿವರ್ಷ ನವೆಂಬರಿನಿಂದ ಏಪ್ರಿಲ್ ಕೊನೆಯವರೆಗೆ ಅದು ನಡೆಯುತ್ತದೆ. ಅದರ ಎಣಿಕೆಯ ನಿಯಮ ಸರಳವಾಗಿದ್ದೂ ಜಾಣತನದ್ದು. ಬೆನ್ನುಬೆನ್ನಿಗೆ ಬರುವ ಎರಡು ದಿನಗಳಲ್ಲಿ ಒಂದು ಜಾತಿಯ ಹಕ್ಕಿ ಏಕಕಾಲಕ್ಕೆ ಅತಿ ಹೆಚ್ಚೆಂದರೆ ಎಷ್ಟು ಕಂಡವೋ ಅಷ್ಟನ್ನು ಮಾತ್ರ ಬರೆಯಬೇಕು. ಬೆಳಿಗ್ಗೆ ನಾಲ್ಕು, ಮಧ್ಯಾಹ್ನ ಐದು ಕಂಡರೆ ಒಟ್ಟು ಒಂಬತ್ತೆನ್ನುವಂತಿಲ್ಲ, ಐದೇ ಲೆಕ್ಕ. ಬಂದದ್ದೇ ಮತ್ತೆ ಬಂದರೂ ಎರಡು ಸಲ ಎಣಿಕೆಯಾಗದಂತೆ ಈ ನಿಯಮ ಕಾಯುತ್ತದೆ. ಮಗಳ ಮನೆಯ ಹನ್ನೆರಡರ ಹುಡುಗ ಇದನ್ನು ಅಜ್ಜನಿಗೆ ಕಲಿಸಿದ, ಅಧ್ಯಾಪಕರಾಗಿದ್ದ ಅಜ್ಜ ಒಂದೆರಡು ದಿನ ಕೂಡಿಸುವ ಹಳೆಯ ಅಭ್ಯಾಸವನ್ನು ಬಿಡಲಾರದೆ ಮೊಮ್ಮಗನಿಂದ ತಿದ್ದಿಸಿಕೊಂಡರು.

ಹಕ್ಕಿಗೆ ಉಣಿಸುವುದರಲ್ಲಿ ಕೇಡೂ ಇದೆ ಎಂಬುದನ್ನು ಇದೇ ನೋಟಕರು ಬಯಲಿಗೆ ತಂದರು. 1994ರ ಆರಂಭದಲ್ಲಿ ವಾಷಿಂಗ್ಟನ್ ನಗರದ ಸುತ್ತಲಿನ ಹಿತ್ತಲುಗಳಲ್ಲಿ ಹೌಸ್‌ಫಿಂಚ್ ಹಕ್ಕಿಗಳ ಕಣ್ಣು ಊದಿಕೊಂಡು, ಕಾಣಿಸದೆ ಕಂಬದ ಕೆಳಗೇ ಕೂತಿರುವುದು ಕಂಡುಬಂತು. ಕೋಳಿಗಳಲ್ಲಿ ಮೊದಲೇ ಗೊತ್ತಿದ್ದ ಒಂದು ಬ್ಯಾಕ್ಟೀರಿಯಾ ಕಾಡುಹಕ್ಕಿಗೆ ದಾಟಿತ್ತು, ಒಂದೇ ಗಂಡಿಗೆ ಹತ್ತಾರು ಕೊಕ್ಕು ತಾಗುವ ಫೀಡರು ಅದನ್ನು ಹರಡಲು ನೆರವಾಗಿತ್ತು. ಆದ್ದರಿಂದ ಎರಡು ವಾರಕ್ಕೊಮ್ಮೆಯಾದರೂ ಫೀಡರನ್ನು ತೊಳೆದು ಒಣಗಿಸಬೇಕೆಂಬುದು ಅಲ್ಲಿಯ ಬಲ್ಲವರ ಕಟ್ಟಪ್ಪಣೆ. ಸುಗ್ಗಿಯಲ್ಲಿ ಭತ್ತದ ತೆನೆಗಳನ್ನು ಕುಚ್ಚು ಕಟ್ಟಿ ಜಗಲಿಗೆ ತೂಗಿಬಿಟ್ಟು ಗುಬ್ಬಿಗಳಿಗೆ ಒಪ್ಪಿಸುವ ಮಲೆನಾಡಿನ ರೂಢಿಗೆ ಹೋಲಿಸಿದರೆ ಅಮೆರಿಕದ ಕ್ರಮದಲ್ಲಿ ವ್ಯಾಪಾರ ಜಾಸ್ತಿ, ಭಕ್ತಿ ಕಡಿಮೆ. ಆದರೆ ತೊಳೆಯುವ ಕಾಳಜಿಯ ಮಟ್ಟಿಗೆ ಅದೇ ಮೇಲು. ತೆನೆಯ ಕುಚ್ಚಿಗೆ ತೊಳೆಯುವ ತಾಪತ್ರಯವೇ ಇಲ್ಲವೆಂದು ತಾಯಿ ಇದಕ್ಕೆ ಉತ್ತರ ಕೊಟ್ಟಿದ್ದರು, ಆ ಮಾತನ್ನೂ ತಳ್ಳಿಹಾಕುವಂತಿಲ್ಲ.

ಮೇ ತಿಂಗಳು ಕಾಲಿಟ್ಟ ಮೇಲೆ ಊಟದ ಪಟ್ಟಿ ಬದಲಾಯಿತು. ಪಕ್ಕದ ಮನೆಯಾಕೆ ಕಿತ್ತಳೆಯನ್ನು ಅಡ್ಡ ಕತ್ತರಿಸಿ ಮೊಳೆಗೆ ಚುಚ್ಚಿಟ್ಟಳು, ಬಟ್ಟಲಲ್ಲಿ ದ್ರಾಕ್ಷಿಯ ಜೆಲ್ಲಿ ಇಟ್ಟಳು. ಕಡುಕಿತ್ತಳೆ ಎದೆ, ಕಪ್ಪು ತಲೆಯ ಬಾಲ್ಟಿಮೋರ್ ಓರಿಯೋಲ್ ಹಕ್ಕಿ ಬಂದು ಎರಡನ್ನೂ ತಿಂದಿತು. ನಾಲ್ಕು ಪಾಲು ನೀರಿಗೆ ಒಂದು ಪಾಲು ಸಕ್ಕರೆ ಕರಗಿಸಿದ ಪಾನಕ ಹಮ್ಮಿಂಗ್‌ಬರ್ಡ್‌ಗೆ. ಸುಮಾರು 3 ಗ್ರಾಂ ತೂಗುವ, ಕರ್ನಾಟಕದ ಸೂರಕ್ಕಿಗಿಂತಲೂ ಚಿಕ್ಕದಾದ ಈ ಹಕ್ಕಿ ಮಧ್ಯ ಅಮೆರಿಕದಲ್ಲಿ ಚಳಿಗಾಲ ಕಳೆದು, ಮೈಯಲ್ಲಿ ಕೊಬ್ಬು ತುಂಬಿಕೊಂಡು ತೂಕವನ್ನು ಇಮ್ಮಡಿಯ ಹತ್ತಿರಕ್ಕೆ ಏರಿಸಿಕೊಂಡು, ಮೆಕ್ಸಿಕೋ ಕೊಲ್ಲಿಯ 800 ಕಿಲೋಮೀಟರ್ ನೀರನ್ನು ಎಲ್ಲೂ ಇಳಿಯದೆ ದಾಟಬಲ್ಲದು. ಅದು ಮೊದಲ ಸಲ ಕಿಟಕಿಯೆದುರು ನಿಂತಲ್ಲೇ ನಿಂತು ರೆಕ್ಕೆ ಬಡಿದಾಗ ಯಾವುದೋ ದೊಡ್ಡ ದುಂಬಿ ಎಂದುಕೊಂಡು ಅಜ್ಜ ಎದ್ದು ಕಿಟಕಿ ಮುಚ್ಚಲು ಹೋದರೆಂಬುದು ಆ ಮನೆಯಲ್ಲಿ ಈಗಲೂ ನಗೆಯ ಮಾತು.

ಅದೇ ತಿಂಗಳ ಎರಡನೆಯ ವಾರ ಎಲ್ಲರೂ ದಕ್ಷಿಣಕ್ಕೆ, ಈರಿ ಸರೋವರದ ದಂಡೆಗೆ ಹೊರಟರು. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಜೊತೆಗಿತ್ತು. ಮಿಶಿಗನ್ ಗಡಿ ದಾಟಿ ಒಹಾಯೋ ಸೇರಿದ ಮೇಲೆ ನೆಲ ಚಪ್ಪಟೆಯಾಗುತ್ತ ಹೋಗಿ, ನೋಟಕ್ಕೆ ತಡೆಯಿಲ್ಲದ ಎರೆಹೊಲಗಳ ವಿಸ್ತಾರ ಗದಗಿನ ಸೀಮೆಯನ್ನೇ ನೆನಪಿಸುವಂತಿತ್ತು. ಕಪ್ಪು ಮಣ್ಣು, ದೂರದಲ್ಲಿ ಒಂಟಿ ಮನೆಗಳು, ಗಾಳಿ. ಆದರೆ ಈ ಕಪ್ಪು ಹತ್ತಿಯ ಕಪ್ಪಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಇದು ‘ಮಹಾ ಕಪ್ಪು ಜೌಗು’ ಎಂದು ಕರೆಯಲಾಗುತ್ತಿದ್ದ ಮರಗಾಡಿನ ಕೆಸರು. ಕಾಲುವೆ ತೋಡಿ, ನೆಲದೊಳಗೆ ಸುಟ್ಟಮಣ್ಣಿನ ಕೊಳವೆಗಳನ್ನು ಹುಗಿದು ನೀರು ಬಸಿದು, ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುವ ಹೊಲ ಮಾಡಿಕೊಂಡರು. ಅಲ್ಲಲ್ಲಿ ಮನೆಗಳ ಮುಂದೆ ಎತ್ತರದ ಕಂಬಗಳಿಗೆ ಬಿಳಿಯ ಸೋರೆಬುರುಡೆಗಳನ್ನು ಗೊಂಚಲಾಗಿ ಕಟ್ಟಿದ್ದರು. ಅವು ಪರ್ಪಲ್ ಮಾರ್ಟಿನ್ ಎಂಬ ಕವಲುತೋಕೆ ಹಕ್ಕಿಯ ಮನೆಗಳು. ಬುರುಡೆ ತೂಗಿಬಿಡುವ ಪದ್ಧತಿ ಅಲ್ಲಿಯ ಮೂಲನಿವಾಸಿಗಳಿಂದ ಬಂದದ್ದು, ರಾಕಿ ಪರ್ವತಗಳ ಪೂರ್ವದಲ್ಲಿ ಈ ಹಕ್ಕಿ ಇಂದು ಮನುಷ್ಯ ಕಟ್ಟಿಕೊಟ್ಟ ಗೂಡುಗಳನ್ನೇ ಬಹುತೇಕ ನೆಚ್ಚಿಕೊಂಡಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುವುದನ್ನು, ಊರವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ನಡೆಸಿಕೊಳ್ಳುವುದನ್ನು ಕಂಡವರಿಗೆ ಈ ಬುರುಡೆಗಳು ಅಚ್ಚರಿ ತರಲಾರವು.

ಆ ಕಪ್ಪು ಜೌಗಿನಲ್ಲಿ ಅಳಿದುಳಿದ ಚೂರುಗಳಲ್ಲಿ ಒಂದು ಮಗೀ ಮಾರ್ಶ್. ಸರೋವರದ ಅಂಚಿನಲ್ಲಿ ಮರಳ ದಿಬ್ಬದ ಮೇಲೆ ಬೆಳೆದ ಕಿರಿದಾದ ಮರಗಾಡು, ಅದರ ಸುತ್ತ ನೀರು-ಜೊಂಡು, ಮರಗಳ ನಡುವೆ ಹಲಗೆ ಹಾಸಿದ ಕಾಲುದಾರಿ. ಅಲ್ಲಿ ಹಕ್ಕಿ ಕೂಡುವುದಕ್ಕೆ ಕಾರಣ ಸರೋವರವೇ. ವಾರ್ಬ್ಲರ್ ಎಂಬ, ಹತ್ತು ಗ್ರಾಂ ಆಸುಪಾಸಿನ ಕೀಟಾಹಾರಿ ಹಕ್ಕಿಗಳು ರಾತ್ರಿ ಹಾರುತ್ತವೆ. ದಕ್ಷಿಣದ ಗಾಳಿ ಬೀಸಿದ ರಾತ್ರಿ ಹೊರಟು ಬೆಳಗಾಗುವಾಗ ಎದುರಿಗೆ ಆಚೆ ದಡ ಕಾಣದ ನೀರು ಸಿಕ್ಕರೆ, ದಣಿದ ಹಕ್ಕಿ ದಾಟುವ ಮೊದಲು ಇಳಿದು ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಸುತ್ತಲಿನ ಹೊಲಗಳಲ್ಲಿ ಮರವಿಲ್ಲದ್ದರಿಂದ ಈ ಒಂದು ತುಂಡು ಕಾಡಿಗೇ ಎಲ್ಲವೂ ಬಂದು ಬೀಳುತ್ತವೆ. ಕರ್ನಾಟಕದ ಉಲಿಯಕ್ಕಿಗಳಿಗೂ ಇಂಗ್ಲಿಷಿನಲ್ಲಿ ಇದೇ ಹೆಸರಿದ್ದರೂ ಅವು ಬೇರೆಯೇ ಕುಲ. ಉಲಿಯಕ್ಕಿಗಳು ಒಂದರಂತೆ ಇನ್ನೊಂದು ಕಂದು-ಹಸಿರಾಗಿ ನೋಡುವವರ ತಾಳ್ಮೆ ಪರೀಕ್ಷಿಸಿದರೆ, ಇವು ಬಣ್ಣದ ಪೆಟ್ಟಿಗೆಯನ್ನೇ ಮೈಮೇಲೆ ಚೆಲ್ಲಿಕೊಂಡಂತೆ ಇರುತ್ತವೆ. ಕೊರಳಲ್ಲಿ ಕೆಂಡದ ಬಣ್ಣ ಹೊತ್ತ ಬ್ಲ್ಯಾಕ್‌ಬರ್ನಿಯನ್ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಿಂದ ಬಂದು, ಇಳಿದ ಆಯಾಸಕ್ಕೆ ಮನುಷ್ಯರ ಭಯವನ್ನೇ ಮರೆತು, ಕಟಾಂಜನದ ಆಚೆ ಕೈಗೆ ಎಟುಕುವಷ್ಟು ದೂರದಲ್ಲಿ ಹುಳು ಆಯುತ್ತಿತ್ತು.

ಹಲಗೆದಾರಿಯ ಜನವೇ ಬೇರೆ. ಭುಜಕ್ಕೆ ಭುಜ ತಾಗುವ ದಟ್ಟಣೆಯಲ್ಲೂ ಗಲಾಟೆಯಿರಲಿಲ್ಲ. ಯಾರಾದರೂ ಒಬ್ಬರು ಹಕ್ಕಿ ಕಂಡೊಡನೆ ತಾವೊಬ್ಬರೇ ನೋಡಿಕೊಂಡು ಮುಂದೆ ಸಾಗದೆ, ಆ ಮೂರನೆಯ ಕೊಂಬೆ, ಕವಲಿನ ಎಡಕ್ಕೆ, ಗಡಿಯಾರದ ಹತ್ತು ಗಂಟೆಯ ದಿಕ್ಕಿಗೆ ಎಂದು ಹಿಂದಿದ್ದ ಅಪರಿಚಿತರಿಗೆ ತೋರಿಸಿ, ಅವರಿಗೂ ಕಂಡಿತೆಂದು ಖಚಿತವಾದ ಮೇಲೆ ಸರಿದು ಜಾಗ ಕೊಡುತ್ತಿದ್ದರು. ಆ ಗುಂಪಿನಲ್ಲಿ ಆಮಿಶ್ ಯುವಕರೂ ಇದ್ದರು. ಸ್ವಿಸ್-ಜರ್ಮನ್ ಮೂಲದ ಈ ಕ್ರೈಸ್ತ ಪಂಥದವರು ಕಾರು ಇಟ್ಟುಕೊಳ್ಳುವುದಿಲ್ಲ, ಮನೆಗೆ ವಿದ್ಯುತ್ ತಂತಿ ಎಳೆಸಿಕೊಳ್ಳುವುದಿಲ್ಲ, ಮನೆಯಲ್ಲಿ ಹಳೆಯ ಜರ್ಮನ್ ಉಪಭಾಷೆಯನ್ನಾಡುತ್ತಾರೆ, ಹಲವರು ಬೇಸಾಯದಿಂದ ಬದುಕುತ್ತಾರೆ; ದುರ್ಬೀನಿಗೆ ಮಾತ್ರ ಅವರ ಧರ್ಮದಲ್ಲಿ ಅಡ್ಡಿಯಿಲ್ಲ, ಒಹಾಯೋದ ಅತ್ಯುತ್ತಮ ಹಕ್ಕಿನೋಟಕರಲ್ಲಿ ಅನೇಕರು ಅವರೇ. ಹುಲ್ಲಿನ ಟೋಪಿ, ಕೊಕ್ಕೆಪಟ್ಟಿಯ ಷರಾಯಿ ತೊಟ್ಟ ಇಪ್ಪತ್ತರ ಒಬ್ಬ ಹುಡುಗ ಒಣ ಎಲೆಗಳ ನಡುವೆ ಎಲೆಯಂತೆಯೇ ಕೂತಿದ್ದ ವುಡ್‌ಕಾಕ್ ಹಕ್ಕಿಯನ್ನು ಅಜ್ಜನಿಗೆ ತೋರಿಸಿದ. ಬೆರಳು ತೋರಿದರೂ ಕಾಣದಿದ್ದಾಗ ಅದರ ಕಣ್ಣನ್ನು ಮೊದಲು ಹುಡುಕುವಂತೆ ಹೇಳಿದ, ಕಣ್ಣು ಸಿಕ್ಕೊಡನೆ ಇಡೀ ಹಕ್ಕಿ ಸಿಕ್ಕಿತು.

ಮಾತು ಬೆಳೆದು, ನಿಮ್ಮ ಊರಿನ ಕಡೆ ಯಾವ ಹಕ್ಕಿ ಎಂದು ಅವನು ಕೇಳಿದ್ದಕ್ಕೆ ಅಜ್ಜ ಮಾಗಡಿ ಕೆರೆಯ ವಿಷಯ ಹೇಳಿದರು: ತಲೆಯ ಹಿಂದೆ ಎರಡು ಕಪ್ಪು ಪಟ್ಟೆಗಳ ಬಿಳಿ-ಬೂದು ಹೆಬ್ಬಾತುಗಳು ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬರುವುದು, 7 ಸಾವಿರ ಮೀಟರಿಗೂ ಮಿಕ್ಕ ಎತ್ತರದಲ್ಲಿ ಅವು ಹಾರಿದ್ದು ದಾಖಲಾಗಿರುವುದು, ಹಗಲು ಕೆರೆಯಲ್ಲಿ ವಿರಮಿಸಿ ರಾತ್ರಿ ಕಡಲೆ-ಶೇಂಗಾ ಹೊಲಗಳಿಗೆ ಮೇಯಲು ಹೋಗುವುದು, ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿರುವುದು. ರೈತನೂ ಆದ ಆ ಹುಡುಗ ಹಿಮಾಲಯಕ್ಕಿಂತ ಹೊಲದ ಮಾತನ್ನೇ ಹೆಚ್ಚು ಗಮನಿಸಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದ: ಈ ವರ್ಷ ಅವು ಎಂದು ಹೊರಟವು? ಅಜ್ಜನ ಬಳಿ ಉತ್ತರವಿರಲಿಲ್ಲ. ಮಾರ್ಚ್‌ನಲ್ಲಿ ಎಂಬುದು ಗೊತ್ತಿತ್ತು, ಆದರೆ ತಾರೀಖು ಕೇಳಿದವನಿಗೆ ತಿಂಗಳು ಹೇಳಿದರೆ ಅದು ಉತ್ತರವಾಗುವುದಿಲ್ಲ.

ತಾರೀಖಿನೊಂದಿಗೆ ಬರೆದಿಟ್ಟ ನೋಟಗಳಿಗೆ ಬೆಲೆ ಏಕೆಂಬುದು ಅಮೆರಿಕದ ಇತ್ತೀಚಿನ ಲೆಕ್ಕಗಳನ್ನು ನೋಡಿದರೆ ತಿಳಿಯುತ್ತದೆ. ಹವಾಮಾನ ಇಲಾಖೆಯ ರೇಡಾರುಗಳು ಮಳೆಯೊಂದಿಗೆ ರಾತ್ರಿ ಹಾರುವ ಹಕ್ಕಿಗಳನ್ನೂ ಕಾಣುತ್ತವೆ. ಆ ರೇಡಾರ್ ದಾಖಲೆ ಮತ್ತು ನೆಲದ ಮೇಲಿನ ನೋಟಕರ ದೀರ್ಘಕಾಲದ ಎಣಿಕೆ ಎರಡನ್ನೂ ಕೂಡಿಸಿ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ, 1970ರಿಂದೀಚೆಗೆ ಉತ್ತರ ಅಮೆರಿಕ ಸುಮಾರು 290 ಕೋಟಿ ಹಕ್ಕಿಗಳನ್ನು ಕಳೆದುಕೊಂಡಿದೆ ಎಂದು ತೋರಿಸಿತು. ಗೋಲ್ಡ್‌ಫಿಂಚ್‌ನಂಥ ಹಿತ್ತಲ ಹಕ್ಕಿಗೆ ಗುರೆಳ್ಳು ಹಾಕಿದ ಮಾತ್ರಕ್ಕೆ ವಾರ್ಬ್ಲರ್ ಉಳಿಯುವುದಿಲ್ಲ. ಕಾಡು, ಜೌಗು, ಕೀಟ ಉಳಿಯಬೇಕು, ದಾರಿಯ ನಗರಗಳಲ್ಲಿ ರಾತ್ರಿ ದೀಪ ಆರಬೇಕು. ಆದರೂ ಎಷ್ಟು ಕಳೆದುಹೋಯಿತೆಂದು ಹೇಳಲು ಸಾಧ್ಯವಾದದ್ದು ವರ್ಷಗಟ್ಟಲೆ ಬಿಡದೆ ಎಣಿಸಿದವರಿಂದ, ಎಣಿಸಿದ್ದನ್ನು ಇನ್ನೊಬ್ಬರಿಗೆ ತಿಳಿಸಿದವರಿಂದ.

ಜೂನ್ ತಿಂಗಳಲ್ಲಿ ಗದಗಿಗೆ ಮರಳಿದ ಮೇಲೆ, ಮುಂಗಾರು ಇನ್ನೂ ಹಿಡಿಯದ ಒಂದು ಬೆಳಿಗ್ಗೆ, ಅಧ್ಯಾಪಕರು ಮಾಗಡಿಗೆ ಹೋದರು. 2024ರ ಜನವರಿಯಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲವೆಂದು, ಘೋಷಿತವಾದ ಆ ಕೆರೆಯಲ್ಲಿ ನೀರು ತಳಕ್ಕಿಳಿದಿತ್ತು. ದಂಡೆಯ ಹೊಲದಲ್ಲಿ ಹರಗುತ್ತಿದ್ದ ರೈತನನ್ನು ಹೆಬ್ಬಾತುಗಳು ಎಂದು ಹೋದವೆಂದು ವಿಚಾರಿಸಿದರೆ, ಆತ ಕ್ಷಣವೂ ಯೋಚಿಸದೆ ಹೇಳಿದ: “ಹೋಳಿ ಹುಣ್ಣಿಮಿ ಇನ್ನೂ ಎರಡ ದಿನಾ ಇತ್ತರಿ ಸರ್, ನಡುರಾತ್ರಿ ಒಮ್ಮಿಗೇ ಎದ್ದು ಹೊಂಟುವು. ಮರುದಿನದಿಂದ ನನಗ ಹೊಲಾ ಕಾಯೂದು ತಪ್ತು.” ಅದಕ್ಕೂ ಹಿಂದಿನ ವರ್ಷ? “ಹುಣ್ಣಿಮಿ ಆದ ಮ್ಯಾಲೆ. ಹ್ವಾದ ಸಲ ತಡಾ ಮಾಡಿದ್ವು.” ಯಾರಾದರೂ ಇದನ್ನು ಕೇಳಿಕೊಂಡು ಬಂದಿದ್ದರೇ ಎಂಬ ಪ್ರಶ್ನೆಗೆ ಆತ ತಲೆಯಲ್ಲಾಡಿಸಿದ. ಫೋಟೋ ತೆಗೆಯುವವರು ಡಿಸೆಂಬರಿನಲ್ಲಿ ಬರುತ್ತಾರೆ, ಹಕ್ಕಿ ಹೋಗುವ ಕಾಲಕ್ಕೆ ಯಾರೂ ಇರುವುದಿಲ್ಲ.

ಕರ್ನಾಟಕದಲ್ಲಿ ಈ ದಿಕ್ಕಿನ ಯತ್ನ ನಡೆದೇ ಇಲ್ಲವೆಂದಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 2007ರಲ್ಲಿ ಹೊರಟ ‘ಮೈಗ್ರಂಟ್‌ವಾಚ್’ ಯೋಜನೆ ವಲಸೆ ಹಕ್ಕಿ ಮೊದಲು ಕಂಡ ಮತ್ತು ಕೊನೆಗೆ ಕಂಡ ದಿನಗಳನ್ನು ದೇಶದೆಲ್ಲೆಡೆಯಿಂದ ಕೂಡಿಹಾಕಿತು. ಈಗ ಅಂಥ ನೋಟಗಳನ್ನು ಕಾರ್ನೆಲ್‌ನಿಂದ 2002ರಲ್ಲಿ ಆರಂಭವಾದ ‘ಇಬರ್ಡ್’ ಜಾಲತಾಣದಲ್ಲಿ ದಾಖಲಿಸುತ್ತಾರೆ. ಪ್ರತಿ ಫೆಬ್ರುವರಿಯಲ್ಲಿ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಯಲ್ಲೂ ಕರ್ನಾಟಕದವರು ಪಾಲ್ಗೊಳ್ಳುತ್ತಾರೆ, ಆದರೆ ಫೆಬ್ರುವರಿಯಲ್ಲಿ ಹೆಬ್ಬಾತು ಇನ್ನೂ ಇಲ್ಲೇ ಇರುತ್ತದೆ. ಹೊರಡುವ ದಿನವನ್ನು ಬಲ್ಲವನು ಬೆಳೆ ಕಾಯುವ ರೈತ, ಅವನ ಲೆಕ್ಕ ಹುಣ್ಣಿಮೆ-ಅಮಾವಾಸ್ಯೆಯದು. ಮಾಗಡಿ ಮತ್ತು ಅಂಥ ಕೆರೆಗಳ ದಂಡೆಯ ಶಾಲೆಗಳ ಶಿಕ್ಷಕರು ಬರುವ ಮಾರ್ಚ್‌ನಲ್ಲಿ ಮಕ್ಕಳನ್ನು ಕಳಿಸಿ ಸುತ್ತಲಿನ ಹೊಲದವರನ್ನು ಕೇಳಿಸಲಿ. ತಿಥಿಯನ್ನು ಅವರು ಹೇಳುತ್ತಾರೆ, ತಾರೀಖು ಪಂಚಾಂಗದಲ್ಲಿದೆ.